ಸಹಸ್ರಪದಿಯ ಗುರುತು

ಇಂಗ್ಲೆಂಡಿನ ರೈತನು ಬೆಳೆ ಬಲಿತ ಮೇಲೆ ಆಲೂಗಡ್ಡೆಯನ್ನು ಅಗೆದು ತೆಗೆಯುವಾಗ ಕೆಲವು ಗಡ್ಡೆಗಳಲ್ಲಿ ತೂತುಗಳು ಕಾಣಿಸುವುದುಂಟು. ಅಂತಹ ಗಡ್ಡೆಯನ್ನು ಸೀಳಿ ನೋಡಿದರೆ ಒಳಗೆ ಬಿಳಿಯ ದಾರದ ತುಂಡುಗಳಂತಹ ಹುಳುಗಳು ಒಂದರೊಡನೊಂದು ಹೆಣೆದುಕೊಂಡು ಬಿದ್ದಿರುತ್ತವೆ. ಬೆರಳು ತಾಗಿದೊಡನೆ ಅವು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿಕೊಳ್ಳುತ್ತವೆ. ಒಂದೂವರೆ ಸೆಂಟಿಮೀಟರಿನಷ್ಟು ಉದ್ದ, ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ದಪ್ಪ, ಕಣ್ಣಿಲ್ಲದ ತಲೆ. ಮೈಯ ಎರಡು ಪಕ್ಕಗಳಲ್ಲಿಯೂ ಕುಂಕುಮದ ಹನಿಗಳನ್ನು ಸಾಲಾಗಿ ಇಟ್ಟಂತೆ ಕೆಂಪು ಚುಕ್ಕೆಗಳು. ಗಡ್ಡೆಯನ್ನು ಕೆಡಿಸಿದ ಕಳ್ಳರು ಇವರೇ ಎಂದು ರೈತನು ಸಿಟ್ಟಾದರೆ ಆತನನ್ನು ದೂರುವಂತಿಲ್ಲ. ತೂತು ಇದೆ, ತೂತಿನೊಳಗೆ ಹುಳುವೂ ಇದೆ. ಇದಕ್ಕಿಂತ ಹೆಚ್ಚಿನ ಸಾಕ್ಷ್ಯವೇನು ಬೇಕು?

ಆದರೆ ಕಳವಾದ ಮನೆಯಲ್ಲಿ ಕಾಣಿಸಿಕೊಂಡವರೆಲ್ಲರೂ ಕಳ್ಳರಲ್ಲ. ಅಲ್ಲಿ ಸಿಕ್ಕಿದವನು ಯಾರು, ಅವನ ಕಸುಬೇನು, ಅವನ ಹಲ್ಲಿಗೆ ಆ ಬಾಗಿಲನ್ನು ಕೊರೆಯುವಷ್ಟು ಬಲವಿದೆಯೇ ಎಂಬುದನ್ನು ಮೊದಲು ವಿಚಾರಿಸಬೇಕು. ಈ ವಿಚಾರಣೆಯ ಮೊದಲ ಮೆಟ್ಟಿಲು ಹುಳುವಿನ ಹೆಸರನ್ನು ತಿಳಿಯುವುದು. ಕೇಳುವುದಕ್ಕೆ ಸುಲಭವಾದ ಈ ಕೆಲಸವು ಪ್ರಾಣಿಶಾಸ್ತ್ರಜ್ಞರನ್ನು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ದುಡಿಸಿದೆ.

ಮಣ್ಣನ್ನು ಅಗೆದಾಗ ಕಾಣುವ ನೀಳವಾದ ಹುಳುಗಳಲ್ಲಿ ಮೂರು ಬಗೆಯವನ್ನು ಜನರು ಒಂದೇ ಎಂದು ಭಾವಿಸುವುದು ಸಾಮಾನ್ಯ. ಮೊದಲನೆಯದು ತಂತಿಹುಳು. ಇದು ಒಂದು ಬಗೆಯ ಜೀರುಂಡೆಯ ಮರಿ. ಹಳದಿಯ ಗಡಸು ಮೈಯುಳ್ಳದ್ದು, ಗಡ್ಡೆಗಳನ್ನು ನಿಜವಾಗಿ ಕೊರೆಯಬಲ್ಲದ್ದು. ಇದಕ್ಕೆ ಇರುವುದು ಆರೇ ಕಾಲುಗಳು, ಅವೂ ತಲೆಯ ಹಿಂದೆಯೇ. ಎರಡನೆಯದು ಜರಿ, ಎಂದರೆ ಶತಪದಿ. ಇದರ ಮೈಯ ಒಂದೊಂದು ಖಂಡಕ್ಕೆ ಒಂದೊಂದು ಜೊತೆ ಕಾಲು. ತಲೆಯ ಕೆಳಗೆ ವಿಷದ ಕೊಂಡಿ. ಅದು ಬೇಟೆಗಾರ ಪ್ರಾಣಿ, ಗಡ್ಡೆಯ ಗೊಡವೆ ಅದಕ್ಕಿಲ್ಲ. ಮೂರನೆಯದು ಸಹಸ್ರಪದಿ. ಕನ್ನಡ ನಾಡಿನ ಕೆಲವೆಡೆ ಇದನ್ನು ಚೋರಟೆ ಎಂದು ಕರೆಯುತ್ತಾರೆ. ಇದರ ಮೈಯ ಹೆಚ್ಚಿನ ಉಂಗುರಗಳಲ್ಲಿ ಎರಡೆರಡು ಜೊತೆ ಕಾಲುಗಳಿವೆ. ಭೂತಗನ್ನಡಿಯ ಕೆಳಗೆ ಒಂದು ಉಂಗುರದ ಕಾಲುಗಳನ್ನು ಎಣಿಸಿದರೆ ಸಾಕು, ಜರಿಗೂ ಸಹಸ್ರಪದಿಗೂ ಇರುವ ಅಂತರವು ತಿಳಿಯುತ್ತದೆ. ಆಲೂಗಡ್ಡೆಯ ಒಳಗಿದ್ದ ಕೆಂಪು ಚುಕ್ಕೆಯ ಹುಳು ಈ ಮೂರನೆಯ ಬಗೆಗೆ ಸೇರಿದ್ದು.

ಸಹಸ್ರಪದಿಯ ಒಂದು ಉಂಗುರಕ್ಕೆ ಎರಡು ಜೊತೆ ಕಾಲುಗಳು ಏಕೆ? ಅದು ನಿಜವಾಗಿ ಒಂದು ಉಂಗುರವಲ್ಲ. ಅಕ್ಕಪಕ್ಕದ ಎರಡು ಖಂಡಗಳು ಬೆಸೆದು ಒಂದಾದದ್ದು. ಮಣ್ಣಿನಲ್ಲಿ ತಲೆಯಿಂದ ನೂಕಿಕೊಂಡು ಹೋಗುವ ಪ್ರಾಣಿಗೆ ಉದ್ದವಾದ, ಆದರೆ ನಡುವೆ ಕುಸಿಯದ ಮೈ ಬೇಕು. ಕೀಲುಗಳು ಕಡಿಮೆಯಾದಷ್ಟೂ ಮೈ ಬಿಗಿಯಾಗುತ್ತದೆ, ಕಾಲುಗಳು ಹೆಚ್ಚಾದಷ್ಟೂ ನೂಕುವ ಬಲ ಹೆಚ್ಚುತ್ತದೆ. ಎರಡು ಖಂಡಗಳನ್ನು ಬೆಸೆದು ನಾಲ್ಕು ಕಾಲುಗಳನ್ನೂ ಉಳಿಸಿಕೊಳ್ಳುವುದರಿಂದ ಎರಡು ಲಾಭಗಳೂ ದೊರೆಯುತ್ತವೆ. ಆದರೆ ತಲೆಯ ಹಿಂದಿನ ಕೆಲವು ಉಂಗುರಗಳು ಈ ನಿಯಮಕ್ಕೆ ಒಳಪಟ್ಟಿಲ್ಲ. ಕೊರಳಪಟ್ಟಿಯಂತಿರುವ ಮೊದಲನೆಯ ಉಂಗುರಕ್ಕೆ ಕಾಲೇ ಇಲ್ಲ. ಎರಡನೆಯ, ಮೂರನೆಯ, ನಾಲ್ಕನೆಯ ಉಂಗುರಗಳಿಗೆ ಒಂದೊಂದೇ ಜೊತೆ. ಐದನೆಯ ಉಂಗುರದಿಂದ ಮುಂದೆ ಎರಡೆರಡು ಜೊತೆ. ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಇದೇ ಲೆಕ್ಕವು ಹುಳುವಿನ ಮನೆತನವನ್ನು ಹೇಳಿಕೊಡುತ್ತದೆ.

ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದಿರುವ ಸಹಸ್ರಪದಿಗಳ ಪ್ರಭೇದಗಳು ೧೨,೦೦೦ಕ್ಕೂ ಹೆಚ್ಚು. ಇವನ್ನು ೧೬ ಗಣಗಳಾಗಿ ವಿಂಗಡಿಸಲಾಗಿದೆ. ಗಣವನ್ನು ಗುರುತಿಸುವಾಗ ಮೊದಲು ನೋಡಬೇಕಾದದ್ದು ಮೈಯ ಆಕಾರ. ಮುಟ್ಟಿದರೆ ಗುಂಡಾಗಿ ಮಡಿಚಿಕೊಳ್ಳುವವು ಕೆಲವು. ಪಶ್ಚಿಮ ಘಟ್ಟಗಳ ಕಾಡಿನಲ್ಲಿ ತರಗೆಲೆಯ ನಡುವೆ ಕಾಣುವ ದೊಡ್ಡ ಗುಂಡು ಸಹಸ್ರಪದಿಗಳು ಇಂತಹವು. ಬೆನ್ನು ಚಪ್ಪಟೆಯಾಗಿ, ಉಂಗುರಗಳ ಅಂಚು ಎರಡು ಕಡೆಗೂ ಸೂರಿನಂತೆ ಚಾಚಿಕೊಂಡಿರುವವು ಇನ್ನು ಕೆಲವು. ಈ ಚಪ್ಪಟೆ ಬೆನ್ನಿನ ಗಣಕ್ಕೆ ಪಾಲಿಡೆಸ್ಮಿಡ ಎಂದು ಹೆಸರು, ಈ ಗಣದ ಯಾವುದಕ್ಕೂ ಕಣ್ಣಿಲ್ಲ. ಹಾವಿನಂತೆ ಉರುಟಾಗಿ ನೀಳವಾಗಿರುವವುಗಳಲ್ಲಿ ಜೂಲಿಡ ಎಂಬುದು ಯುರೋಪಿನಲ್ಲಿ ಹೆಚ್ಚಾಗಿ ಕಾಣುವ ಗಣ. ಆಲೂಗಡ್ಡೆಯ ಹುಳುವಿನ ಗಣವೂ ಇದೇ.

ಆಕಾರವನ್ನು ನಂಬಿ ಹೆಸರಿಡುವುದು ಎಷ್ಟು ಅಪಾಯಕರವೆಂಬುದಕ್ಕೆ ಒಂದು ನಿದರ್ಶನವಿದೆ. ಸ್ವೀಡನ್ನಿನ ಲಿನೇಯಸನು ಪ್ರಾಣಿಗಳ ನಾಮಕರಣಕ್ಕೆ ತಳಹದಿಯಾದ ತನ್ನ ಗ್ರಂಥದ ಹತ್ತನೆಯ ಆವೃತ್ತಿಯನ್ನು ೧೭೫೮ರಲ್ಲಿ ಪ್ರಕಟಿಸಿದಾಗ ಸಹಸ್ರಪದಿಗಳನ್ನೂ ಜರಿಗಳನ್ನೂ ರೆಕ್ಕೆಯಿಲ್ಲದ ಕೀಟಗಳ ಗುಂಪಿನಲ್ಲಿ ಇಟ್ಟನು. ಅವುಗಳಲ್ಲಿ ಎರಡು ಮೂರು ಮಿಲಿಮೀಟರು ಉದ್ದದ, ಮೈತುಂಬ ಬಿರುಗೂದಲಿನ ಸಾಲುಗಳುಳ್ಳ ಒಂದು ಪುಟ್ಟ ಪ್ರಾಣಿ ಇತ್ತು. ಬಾಲದ ತುದಿಯಲ್ಲಿ ಕುಂಚದಂತಹ ಎರಡು ಕೂದಲಿನ ಗೊಂಚಲುಗಳು. ಲಿನೇಯಸನು ಅದನ್ನು ಜರಿಯ ಜಾತಿಗೆ ಸೇರಿಸಿಬಿಟ್ಟನು. ಅದು ಜರಿಯಲ್ಲ, ಸಹಸ್ರಪದಿ. ಇಂದು ಅದರ ಹೆಸರು ಪಾಲಿಕ್ಸೆನಸ್ ಲಾಗುರಸ್. ಅದರ ಮೈಗೆ ಉಳಿದ ಸಹಸ್ರಪದಿಗಳಂತೆ ಸುಣ್ಣ ಸೇರಿದ ಗಟ್ಟಿ ಕವಚವಿಲ್ಲ, ದುರ್ವಾಸನೆಯ ರಸವನ್ನು ಸ್ರವಿಸುವ ಗ್ರಂಥಿಯೂ ಇಲ್ಲ. ಕಾಲುಗಳು ಹದಿಮೂರೇ ಜೊತೆ. ಹೀಗಿರುವಾಗ ಅದು ಮಹಾ ವಿದ್ವಾಂಸನ ಕಣ್ಣನ್ನೂ ತಪ್ಪಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇದರ ಬಾಲದ ಕುಂಚವು ಕೇವಲ ಅಲಂಕಾರವೂ ಅಲ್ಲ. ಇದರ ಬಳಗದ ಇನ್ನೊಂದು ಪ್ರಭೇದವು ಇರುವೆಯು ಮೇಲೆ ಬಿದ್ದಾಗ ಆ ಕುಂಚವನ್ನು ಇರುವೆಯ ಮೈಗೆ ಒರೆಸುತ್ತದೆಂದೂ, ಕೊಕ್ಕೆಯುಳ್ಳ ಆ ಕೂದಲುಗಳು ಕಳಚಿ ಇರುವೆಯ ಕಾಲು ಬಾಯಿಗಳನ್ನು ಬಲೆಯಂತೆ ಕಟ್ಟಿಹಾಕುತ್ತವೆಂದೂ ಅಮೆರಿಕದ ಥಾಮಸ್ ಐಸ್ನರ್ ಮತ್ತು ಆತನ ಸಂಗಡಿಗರು ೧೯೯೬ರಲ್ಲಿ ತೋರಿಸಿಕೊಟ್ಟರು.

ಲಿನೇಯಸನ ತರುವಾಯ ಫ್ರಾನ್ಸಿನ ಲಾಟ್ರೇಯ್ ಎಂಬಾತನು ೧೮೦೨ರಲ್ಲಿ ಬಹುಪದಿಗಳೆಂಬ ಪ್ರತ್ಯೇಕ ವಿಭಾಗವನ್ನು ಕಲ್ಪಿಸಿದನು. ಜೋಡಿಕಾಲಿನವುಗಳೆಂಬ ಅರ್ಥವುಳ್ಳ ಡಿಪ್ಲೊಪೊಡ ಎಂಬ ಹೆಸರು ಸಹಸ್ರಪದಿಗಳ ವರ್ಗಕ್ಕೆ ಬಂದದ್ದು ೧೮೪೪ರಲ್ಲಿ.

ಆಕಾರವು ಮೋಸಮಾಡಬಹುದಾದರೆ ಎಣಿಕೆಯಾದರೂ ನಂಬಿಕೆಗೆ ಅರ್ಹವೇ? ಅದನ್ನೂ ಎಚ್ಚರಿಕೆಯಿಂದ ಬಳಸಬೇಕು. ಸಹಸ್ರಪದಿಯು ಹುಟ್ಟುವಾಗಲೇ ತನ್ನೆಲ್ಲ ಕಾಲುಗಳನ್ನು ತಂದಿರುವುದಿಲ್ಲ. ಮೊಟ್ಟೆಯಿಂದ ಹೊರಬಂದು ನಡೆಯತೊಡಗಿದ ಮರಿಗೆ ಸಾಮಾನ್ಯವಾಗಿ ಮೂರೇ ಜೊತೆ ಕಾಲುಗಳು; ಆಗ ಅದನ್ನು ಕಂಡವರು ಕೀಟವೆಂದೇ ತಿಳಿದಾರು. ಮುಂದೆ ಪ್ರತಿಸಲ ಪೊರೆ ಕಳಚಿದಾಗಲೂ ಬಾಲದ ಬಳಿಯಲ್ಲಿ ಹೊಸ ಉಂಗುರಗಳು ಮೂಡುತ್ತವೆ, ಅವುಗಳಿಗೆ ತಕ್ಕಂತೆ ಹೊಸ ಕಾಲುಗಳು ಬರುತ್ತವೆ. ಚಪ್ಪಟೆ ಬೆನ್ನಿನ ಪಾಲಿಡೆಸ್ಮಸ್ ಜಾತಿಯಲ್ಲಿ ಈ ಬೆಳವಣಿಗೆಯು ಗೊತ್ತಾದ ಕ್ರಮದಲ್ಲಿ ನಡೆಯುತ್ತದೆ. ಮರಿಗೆ ೭ ಉಂಗುರ, ಬಳಿಕ ಕ್ರಮವಾಗಿ ೯, ೧೨, ೧೫, ೧೭, ೧೮, ೧೯, ಕೊನೆಯದಾಗಿ ೨೦. ಇಪ್ಪತ್ತು ಉಂಗುರಗಳಾದಾಗ ಅದು ಪ್ರಾಯಕ್ಕೆ ಬಂದಂತೆ. ಅದೇ ಮಣ್ಣಿನಲ್ಲಿ ಬ್ರಾಕಿಡೆಸ್ಮಸ್ ಸೂಪರಸ್ ಎಂಬ ಇನ್ನೊಂದು ಸಣ್ಣ ಸಹಸ್ರಪದಿ ಇದೆ. ಅದು ಹತ್ತೊಂಬತ್ತನೆಯ ಉಂಗುರಕ್ಕೇ ಬೆಳವಣಿಗೆಯನ್ನು ನಿಲ್ಲಿಸಿ ಪ್ರಾಯಕ್ಕೆ ಬರುತ್ತದೆ. ಹೀಗಾಗಿ ೧೯ ಉಂಗುರಗಳ ಒಂದು ಹುಳು ಕೈಗೆ ಸಿಕ್ಕರೆ ಅದು ಒಂದು ಜಾತಿಯ ಹಿರಿಯನೂ ಆಗಿರಬಹುದು, ಇನ್ನೊಂದು ಜಾತಿಯ ಕಿರಿಯನೂ ಆಗಿರಬಹುದು. ಎಣಿಸುವುದರಲ್ಲಿ ತಪ್ಪಿಲ್ಲದಿದ್ದರೂ ಹೆಸರು ತಪ್ಪಾಗುತ್ತದೆ!

ಉರುಟು ಮೈಯ ಜೂಲಿಡ ಗಣದಲ್ಲಿ ಉಂಗುರಗಳ ಸಂಖ್ಯೆಗೆ ಇಂತಹ ಕಟ್ಟುನಿಟ್ಟಾದ ಮಿತಿಯೂ ಇಲ್ಲ. ಒಂದೇ ಪ್ರಭೇದದ ಎರಡು ಹುಳುಗಳಲ್ಲಿ ಉಂಗುರಗಳ ಎಣಿಕೆ ಬೇರೆ ಬೇರೆಯಾಗಿರಬಹುದು. ಆದರೂ ಕಣ್ಣುಳ್ಳ ಪ್ರಭೇದಗಳ ವಯಸ್ಸನ್ನು ಅಳೆಯಲು ಒಂದು ಸೊಗಸಾದ ಉಪಾಯವುಂಟು. ಇವುಗಳ ಕಣ್ಣು ಚಿಕ್ಕ ಚಿಕ್ಕ ಬಿಂದುಗಳ ಗುಂಪು. ಪೊರೆ ಕಳಚಿದಾಗಲೆಲ್ಲ ಆ ಗುಂಪಿಗೆ ಹೊಸದೊಂದು ಸಾಲು ಸೇರುತ್ತದೆ. ಮರದ ಕಾಂಡದ ಬಳೆಗಳನ್ನು ಎಣಿಸುವಂತೆ ಈ ಸಾಲುಗಳನ್ನು ಎಣಿಸಿ, ಹುಳು ಎಷ್ಟು ಸಲ ಪೊರೆ ಕಳಚಿದೆಯೆಂದು ಹೇಳಬಹುದು. ಆಲೂಗಡ್ಡೆಯ ಹುಳುವಿನ ವಿಷಯದಲ್ಲಿ ಈ ಉಪಾಯವೂ ಸಾಗದು. ಅದಕ್ಕೆ ಕಣ್ಣೇ ಇಲ್ಲವಷ್ಟೆ.

ಡೆನ್ಮಾರ್ಕಿನ ಫೆಬ್ರಿಷಿಯಸ್ ಎಂಬ ಕೀಟಶಾಸ್ತ್ರಜ್ಞನು ೧೭೯೮ರಲ್ಲಿ ಈ ಹುಳುವನ್ನು ವರ್ಣಿಸಿದನು. ಲಿನೇಯಸನ ಶಿಷ್ಯನಾಗಿದ್ದ ಆತನು ಪಕ್ಕದ ಚುಕ್ಕೆಗಳನ್ನು ನೋಡಿ, ಹನಿಹನಿಯಾದದ್ದು ಎಂಬ ಅರ್ಥದ ಗುಟ್ಯುಲೇಟಸ್ ಎಂಬ ಹೆಸರನ್ನು ಕೊಟ್ಟನು. ಇಂದು ಇದರ ಪೂರ್ಣನಾಮ ಬ್ಲಾನಿಯುಲಸ್ ಗುಟ್ಯುಲೇಟಸ್. ಆ ಚುಕ್ಕೆಗಳು ಚರ್ಮದ ಮೇಲೆ ಬರೆದ ಬಣ್ಣವಲ್ಲ. ಅವು ಮೈಯೊಳಗಿನ ರಕ್ಷಣಾಗ್ರಂಥಿಗಳು. ಕವಚವು ತೆಳುವಾಗಿ ಪಾರದರ್ಶಕವಾಗಿರುವುದರಿಂದ ಹೊರಗೆ ಕಾಣುತ್ತವೆ. ಶತ್ರುವು ಹಿಡಿದಾಗ ಜೂಲಿಡ ಗಣದ ಸಹಸ್ರಪದಿಗಳು ಈ ಗ್ರಂಥಿಗಳಿಂದ ಕ್ವಿನೋನ್ ಎಂಬ ಘಾಟು ರಾಸಾಯನಿಕವನ್ನು ಹೊರಬಿಡುತ್ತವೆ. ಚಪ್ಪಟೆ ಬೆನ್ನಿನವು ಇದಕ್ಕಿಂತ ಉಗ್ರವಾದ ಹೈಡ್ರೋಜನ್ ಸಯನೈಡನ್ನು ಬಳಸುತ್ತವೆ. ಸತ್ತ ಹುಳುವನ್ನು ಮದ್ಯಸಾರದಲ್ಲಿ ಇಟ್ಟರೆ ಕೆಂಪು ಚುಕ್ಕೆಗಳು ಕಪ್ಪಾಗುತ್ತವೆ. ಆದುದರಿಂದ ಸೀಸೆಯಲ್ಲಿಟ್ಟ ಹುಳುವನ್ನು ಮಾತ್ರ ನೋಡಿದವನು ಇದರ ಅಂದವನ್ನು ಊಹಿಸಲಾರ.

ಕೆಂಪು ಚುಕ್ಕೆಯುಳ್ಳ ಕುರುಡು ಸಹಸ್ರಪದಿಯೆಲ್ಲವೂ ಗುಟ್ಯುಲೇಟಸ್ ಎಂದು ಬಹುಕಾಲ ತಿಳಿಯಲಾಗಿತ್ತು. ಈ ನಂಬಿಕೆಯು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕುಸಿಯಿತು. ಬೋರಿಯೋಯುಲಸ್ ಟೆನ್ಯುಯಿಸ್ ಎಂಬ ಇನ್ನೊಂದು ಪ್ರಭೇದವು ೧೯೧೩ರಲ್ಲಿ ವರ್ಣಿತವಾಯಿತು. ಇಂಗ್ಲೆಂಡಿನ ಬ್ರೇಡ್-ಬರ್ಕ್ಸ್ ಎಂಬಾತನು ೧೯೨೦ರಲ್ಲಿ ಮೂರನೆಯದೊಂದನ್ನು ವರ್ಣಿಸಿದನು. ಅದೀಗ ಆರ್ಕಿಬೋರಿಯೋಯುಲಸ್ ಪ್ಯಾಲಿಡಸ್. ಆತನು ವೃತ್ತಿಯಿಂದ ಪಾದ್ರಿ. ಮಣ್ಣಿನ ವಿಷಯದಲ್ಲಿ ಪಾಂಡಿತ್ಯವನ್ನು ಪಡೆದಿದ್ದನು. ಆತನ ಪತ್ನಿ ಹಿಲ್ಡಾ ಕೂಡ ಬಹುಪದಿಗಳ ಅಧ್ಯಯನದಲ್ಲಿ ಆತನೊಡನೆ ದುಡಿದವಳು. ಮೂರು ಪ್ರಭೇದಗಳೂ ಕುರುಡು, ಮೂರೂ ನಸುಬಿಳುಪು, ಮೂರಕ್ಕೂ ಪಕ್ಕದಲ್ಲಿ ಚುಕ್ಕೆಗಳ ಸಾಲು. ಒಂದು ಸ್ವಲ್ಪ ತೆಳು, ಒಂದು ಸ್ವಲ್ಪ ದಪ್ಪ. ಇಷ್ಟರಿಂದ ಅವನ್ನು ಬೇರ್ಪಡಿಸುವುದು ಅವಳಿ ಜವಳಿ ಮಕ್ಕಳನ್ನು ಕತ್ತಲಲ್ಲಿ ಗುರುತಿಸಿದಂತೆ.

ಹಾಗಾದರೆ ನಂಬಬಹುದಾದ ಗುರುತು ಎಲ್ಲಿದೆ? ಅದು ಗಂಡು ಹುಳುವಿನ ಏಳನೆಯ ಉಂಗುರದ ಕೆಳಗೆ ಅಡಗಿದೆ. ಹೆಚ್ಚಿನ ಸಹಸ್ರಪದಿಗಳಲ್ಲಿ ಪ್ರಾಯಕ್ಕೆ ಬಂದ ಗಂಡಿನ ಈ ಭಾಗದ ಕಾಲುಗಳು ನಡೆಯುವ ಕೆಲಸವನ್ನು ಬಿಟ್ಟು, ಸಂತಾನೋತ್ಪತ್ತಿಗೆ ನೆರವಾಗುವ ಉಪಕರಣಗಳಾಗಿ ಮಾರ್ಪಡುತ್ತವೆ. ಇವನ್ನು ಜನನಪಾದಗಳೆಂದು ಕರೆಯಬಹುದು. ಒಂದು ಪ್ರಭೇದದ ಜನನಪಾದದಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಚಮಚದಂತಹ ಹಾಳೆ, ಮತ್ತೊಂದರಲ್ಲಿ ಕೂದಲಿನ ಅಂಚು, ಹೀಗೆ ಅವುಗಳ ರೂಪವು ಪ್ರಭೇದದಿಂದ ಪ್ರಭೇದಕ್ಕೆ ಸ್ಪಷ್ಟವಾಗಿ ಬದಲಾಗುತ್ತದೆ. ಅದೇ ಪ್ರಭೇದದೊಳಗೆ ಮಾತ್ರ ಅದು ಬಹುಮಟ್ಟಿಗೆ ಸ್ಥಿರ. ಉಣ್ಣುವ ಆಹಾರ, ವಾಸದ ಮಣ್ಣು, ಬೆಳವಣಿಗೆಯ ಅವಸ್ಥೆ ಇವುಗಳಿಂದ ಮೈಯ ಉದ್ದವೂ ಬಣ್ಣವೂ ವ್ಯತ್ಯಾಸವಾದೀತು. ಜನನಪಾದದ ಕೆತ್ತನೆ ಹಾಗೆ ವ್ಯತ್ಯಾಸವಾಗದು. ಆಸ್ಟ್ರಿಯದ ರಾಬರ್ಟ್ ಲಾಟ್ಸೆಲ್ ೧೮೮೪ರಲ್ಲಿ ತನ್ನ ನಾಡಿನ ಸಹಸ್ರಪದಿಗಳನ್ನು ಕುರಿತು ಬರೆದ ಗ್ರಂಥದ ಕಾಲದಿಂದ ಈ ಅಂಗದ ಚಿತ್ರವಿಲ್ಲದ ವರ್ಣನೆಗೆ ಬೆಲೆ ಕಡಿಮೆಯಾಗುತ್ತ ಬಂದಿತು. ಜರ್ಮನಿಯ ವೆರ್‌ಹೋಫ್ ಎಂಬ ವಿದ್ವಾಂಸನು ಈ ದಾರಿಯಲ್ಲಿಯೇ ಜೀವಮಾನವಿಡೀ ದುಡಿದು ಅಸಂಖ್ಯ ಪ್ರಭೇದಗಳನ್ನು ವರ್ಣಿಸಿದನು.

ಜನನಪಾದವು ಪ್ರಭೇದವನ್ನು ಮಾತ್ರವಲ್ಲದೆ ಗಣವನ್ನೂ ತಿಳಿಸುತ್ತದೆ. ಹಿಂದೆ ಹೇಳಿದ ಕಾಲಿನ ಲೆಕ್ಕವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎರಡು, ಮೂರು, ನಾಲ್ಕನೆಯ ಉಂಗುರಗಳಲ್ಲಿ ಒಟ್ಟು ಮೂರು ಜೊತೆ ಕಾಲುಗಳು. ಐದನೆಯದರಲ್ಲಿ ನಾಲ್ಕು ಮತ್ತು ಐದನೆಯ ಜೊತೆಗಳು; ಆರನೆಯದರಲ್ಲಿ ಆರು ಮತ್ತು ಏಳನೆಯವು; ಏಳನೆಯ ಉಂಗುರದಲ್ಲಿ ಎಂಟು ಮತ್ತು ಒಂಬತ್ತನೆಯವು. ಚಪ್ಪಟೆ ಬೆನ್ನಿನ ಗಣದಲ್ಲಿ ಎಂಟನೆಯ ಜೊತೆ ಮಾತ್ರ ಜನನಪಾದವಾಗಿದೆ, ಒಂಬತ್ತನೆಯದು ಎಂದಿನಂತೆ ನಡೆಯುತ್ತದೆ. ಜೂಲಿಡ ಗಣದಲ್ಲಿ ಎಂಟನೆಯದೂ ಒಂಬತ್ತನೆಯದೂ ಮಾರ್ಪಟ್ಟಿವೆ. ಕೊಕ್ಕಿನಂತಹ ಬಾಯುಳ್ಳ ಪ್ರಾಚೀನ ಲಕ್ಷಣದ ಕೆಲವು ಗಣಗಳಲ್ಲಿ ಒಂಬತ್ತನೆಯದು ಮತ್ತು ಹತ್ತನೆಯದು. ಲಿನೇಯಸನನ್ನು ತಪ್ಪಿಸಿದ ಆ ಬಿರುಗೂದಲಿನ ಪ್ರಾಣಿಯಲ್ಲಿ ಯಾವ ಕಾಲೂ ಮಾರ್ಪಟ್ಟಿಲ್ಲ. ಸಹಸ್ರಪದಿಗಳ ವಂಶದಲ್ಲಿ ಅದರ ಕವಲು ಬಹು ಹಿಂದೆಯೇ ಬೇರೆಯಾಯಿತೆಂಬುದಕ್ಕೆ ಇದೂ ಒಂದು ಸಾಕ್ಷಿ.

ಇಷ್ಟು ಸಣ್ಣ ಪ್ರಾಣಿಯ ಇಷ್ಟು ಸಣ್ಣ ಅಂಗವನ್ನು ನೋಡುವುದು ತಾಳ್ಮೆಯ ಕೆಲಸ. ಮೊದಲು ಹುಳುಗಳನ್ನು ಮಣ್ಣಿನಿಂದ ಹೊರಡಿಸಬೇಕು. ತರಗೆಲೆ ಬೆರೆತ ಮಣ್ಣನ್ನು ಜರಡಿಯ ಮೇಲೆ ಹರಡಿ, ಜರಡಿಯನ್ನು ಆಲಿಕೆಯ ಬಾಯಿಯ ಮೇಲಿರಿಸಿ, ಮೇಲೆ ವಿದ್ಯುದ್ದೀಪವನ್ನು ಉರಿಸುತ್ತಾರೆ. ಮಣ್ಣು ಮೇಲಿನಿಂದ ಕೆಳಕ್ಕೆ ಒಣಗುತ್ತ ಬಂದಂತೆ, ತೇವವನ್ನರಸುವ ಪ್ರಾಣಿಗಳು ಕೆಳಗಿಳಿದು ಆಲಿಕೆಯ ಮೂಲಕ ಸೀಸೆಯೊಳಗಿನ ಮದ್ಯಸಾರಕ್ಕೆ ಬೀಳುತ್ತವೆ. ಇಟಲಿಯ ಬರ್ಲೇಸೆ ಮತ್ತು ಸ್ವೀಡನ್ನಿನ ಟುಲ್‌ಗ್ರೆನ್ ರೂಪಿಸಿದ ಈ ಸಾಧನವು ಸರಳವಾದರೂ ಮಣ್ಣಿನ ಜೀವಿಗಳ ಅಧ್ಯಯನದಲ್ಲಿ ಸೂಕ್ಷ್ಮದರ್ಶಕದಷ್ಟೇ ಉಪಕಾರಿ. ಬಳಿಕ ಗಂಡನ್ನು ಆರಿಸಿ, ಏಳನೆಯ ಉಂಗುರವನ್ನು ಸೂಜಿಯ ಮೊನೆಯಿಂದ ಬಿಡಿಸಿ, ಮಿಲಿಮೀಟರಿನ ಒಂದು ಸಣ್ಣ ಪಾಲಿನಷ್ಟಿರುವ ಜನನಪಾದವನ್ನು ಗಾಜಿನ ಮೇಲೆ ಇರಿಸಬೇಕು. ಕೈ ನಡುಗಿದರೆ ಗುರುತು ಹೋಯಿತು.

ಆರಿಸುವುದಕ್ಕೆ ಗಂಡೇ ಇಲ್ಲದಿದ್ದರೆ? ಆಗ ವಿದ್ವಾಂಸನೂ ರೈತನೂ ಒಂದೇ ಸ್ಥಿತಿಯಲ್ಲಿರುತ್ತಾರೆ. ಹೆಣ್ಣುಗಳನ್ನೂ ಮರಿಗಳನ್ನೂ ಹಲವು ವೇಳೆ ಜಾತಿಯವರೆಗೆ ಹೇಳಬಹುದೇ ಹೊರತು ಪ್ರಭೇದದವರೆಗೆ ಹೇಳಲಾಗದು. ಪ್ರೋಟಿರೋಯುಲಸ್ ಫಸ್ಕಸ್ ಎಂಬುದು ಗುಟ್ಯುಲೇಟಸ್‌ನ ಕುಟುಂಬಕ್ಕೇ ಸೇರಿದ್ದು. ಒಣಗಿದ ಮರದ ತೊಗಟೆಯ ಕೆಳಗೆ ವಾಸಿಸುತ್ತದೆ. ಇದರಲ್ಲಿ ಗಂಡುಗಳು ತೀರ ವಿರಳ, ಹೆಣ್ಣುಗಳು ಗಂಡಿನ ನೆರವಿಲ್ಲದೆಯೇ ಮೊಟ್ಟೆಯಿಟ್ಟು ಸಂತಾನವನ್ನು ಬೆಳೆಸುತ್ತವೆ. ಅದೃಷ್ಟಕ್ಕೆ ಇದರ ಕಣ್ಣಿನ ಬಿಂದುಗಳು ಒಂದೇ ಸಾಲಿನಲ್ಲಿರುವುದರಿಂದ ಗುರುತಿಸಲು ಕಷ್ಟವಿಲ್ಲ. ಇದಕ್ಕಿಂತ ವಿಚಿತ್ರವಾದ ಇನ್ನೊಂದು ತೊಡಕನ್ನು ವೆರ್‌ಹೋಫನು ಬೆಳಕಿಗೆ ತಂದನು. ಜೂಲಿಡ ಗಣದ ಕೆಲವು ಪ್ರಭೇದಗಳಲ್ಲಿ ಪ್ರಾಯಕ್ಕೆ ಬಂದ ಗಂಡು ಮತ್ತೊಮ್ಮೆ ಪೊರೆ ಕಳಚಿದಾಗ ಅದರ ಜನನಪಾದಗಳು ಕುಗ್ಗಿ, ಎಳೆಯ ಗಂಡಿನ ರೂಪವೇ ಮರಳಿ ಬರುತ್ತದೆ! ಇನ್ನೊಮ್ಮೆ ಕಳಚಿದಾಗ ಪುನಃ ಪೂರ್ಣ ಗಂಡಾಗಬಹುದು. ವೃದ್ಧನು ಬಾಲಕನ ವೇಷವನ್ನು ಧರಿಸಿ ಬಂದರೆ ಹೆಸರು ಬರೆದುಕೊಳ್ಳುವವನು ಏನು ಮಾಡಬೇಕು?

ಬ್ರಿಟನ್ನಿನಲ್ಲಿ ಇರುವ ಸಹಸ್ರಪದಿಗಳು ಅರವತ್ತಕ್ಕಿಂತ ಸ್ವಲ್ಪ ಹೆಚ್ಚು ಪ್ರಭೇದಗಳಷ್ಟೇ. ಉಷ್ಣವಲಯದ ಕಾಡುಗಳೊಡನೆ ಹೋಲಿಸಿದರೆ ಇದು ಬಡತನವೆನ್ನಬೇಕು. ಆದರೂ ಈ ಅರವತ್ತನ್ನು ತೊಡಕಿಲ್ಲದೆ ಬೇರ್ಪಡಿಸುವ ಕೈಪಿಡಿಯು ಸಿದ್ಧವಾಗಲು ಬಹುಕಾಲ ಹಿಡಿಯಿತು. ಗಾರ್ಡನ್ ಬ್ಲೋವರ್ ಎಂಬ ಪ್ರಾಣಿಶಾಸ್ತ್ರಜ್ಞನು ೧೯೫೮ರಲ್ಲಿ ಅಂತಹ ಕೈಪಿಡಿಯೊಂದನ್ನು ರಚಿಸಿ, ೧೯೮೫ರಲ್ಲಿ ಅದನ್ನು ವಿಸ್ತರಿಸಿ ಹೊಸದಾಗಿ ಬರೆದನು. ಅದರಲ್ಲಿ ಪ್ರತಿ ಹೆಜ್ಜೆಗೂ ಒಂದು ಪ್ರಶ್ನೆಯಿದೆ. ಕಣ್ಣುಂಟೋ ಇಲ್ಲವೋ? ಬೆನ್ನು ಚಪ್ಪಟೆಯೋ ಉರುಟೋ? ಉತ್ತರಿಸುತ್ತ ಹೋದವನು ಕವಲು ದಾರಿಯಲ್ಲಿ ನಡೆದು ಹೆಸರಿನ ಮನೆಯನ್ನು ತಲುಪುತ್ತಾನೆ. ಈಗ ಡಿ.ಎನ್.ಎ. ಪರೀಕ್ಷೆಯು ಹೆಣ್ಣು ಮರಿಗಳ ವಿಷಯದಲ್ಲಿ ನೆರವಾಗುತ್ತಿದೆ. ಆದರೆ ಆ ಪರೀಕ್ಷೆಯ ಫಲವನ್ನು ಹೋಲಿಸಿ ನೋಡಲು ಯಾರೋ ಒಬ್ಬರು ಜನನಪಾದವನ್ನು ನೋಡಿ ಸರಿಯಾಗಿ ಹೆಸರಿಟ್ಟ ಹುಳು ಇದ್ದೇ ಇರಬೇಕು.

ಈಗ ಆಲೂಗಡ್ಡೆಯ ಮೊಕದ್ದಮೆಗೆ ಮರಳಬಹುದು. ಹೆಸರು ತಿಳಿದ ಮೇಲೆ ನಡತೆಯನ್ನು ತಿಳಿಯುವುದು ಸುಲಭವಾಯಿತು. ಗುಟ್ಯುಲೇಟಸ್ ಮುಖ್ಯವಾಗಿ ಕೊಳೆತ ಸಸ್ಯಭಾಗವನ್ನು ತಿಂದು ಬದುಕುವ ಪ್ರಾಣಿ. ಅದರ ದವಡೆಗಳು ಮೆತ್ತಗಾದುದನ್ನು ಕೆರೆದು ತಿನ್ನಲು ತಕ್ಕವು. ಗಟ್ಟಿ ಸಿಪ್ಪೆಯ ಗಡ್ಡೆಯನ್ನು ಕೊರೆಯಲು ಅವಕ್ಕೆ ಶಕ್ತಿ ಸಾಲದು. ಆಲೂಗಡ್ಡೆಯ ಸಿಪ್ಪೆಯನ್ನು ಮೊದಲು ತೂತು ಮಾಡುವವು ಹೆಚ್ಚಾಗಿ ತಂತಿಹುಳು ಮತ್ತು ಚಿಪ್ಪಿಲ್ಲದ ಬಸವನಹುಳು. ಆ ಗಾಯದ ಮೂಲಕ ಸಹಸ್ರಪದಿಯು ಒಳಹೊಕ್ಕು ಗಾಯವನ್ನು ದೊಡ್ಡದು ಮಾಡುತ್ತದೆ. ಹಾಗೆಂದು ಇದು ಪೂರ್ಣ ನಿರಪರಾಧಿಯಲ್ಲ. ಹವೆ ಒಣಗಿ ಮಣ್ಣಿನ ತೇವ ಆರಿದಾಗ ಅದು ನೀರಿನ ಆಸೆಗೆ ರಸವುಳ್ಳ ಎಳೆಯ ಬೇರುಗಳನ್ನು ಅರಸುತ್ತದೆ. ಸಕ್ಕರೆ ಬೀಟಿನ ಮೊಳಕೆಗಳನ್ನೂ ನೆಲಕ್ಕೆ ತಾಗಿದ ಸ್ಟ್ರಾಬೆರಿ ಹಣ್ಣನ್ನೂ ಕೆಡಿಸುತ್ತದೆ. ಆದರೆ ಗಡ್ಡೆಯ ತೂತಿಗೆ ಇದನ್ನೇ ಹೊಣೆಮಾಡಿ ಹೊಲಕ್ಕೆಲ್ಲ ಔಷಧಿಯನ್ನು ಸುರಿದರೆ ಮೊದಲ ಅಪರಾಧಿಯು ಉಳಿದುಕೊಂಡಾನು. ಬೆಳೆಯ ಶತ್ರುಗಳನ್ನು ತಿಂದು ಉಪಕರಿಸುವ ಜರಿ, ಜೇಡ, ನೆಲದ ಜೀರುಂಡೆಗಳು ಸತ್ತಾವು. ಅದಲ್ಲದೆ ಎಲೆ ಕಡ್ಡಿಗಳನ್ನು ಪುಡಿಮಾಡಿ ಅಣಬೆಗಳಿಗೂ ಸೂಕ್ಷ್ಮಜೀವಿಗಳಿಗೂ ಒದಗಿಸುವ ಇತರ ಸಹಸ್ರಪದಿಗಳೂ ಅದರೊಡನೆಯೇ ನಾಶವಾಗುತ್ತವೆ. ಚುಕ್ಕೆಯಿಲ್ಲದ ಅವುಗಳ ಮೇಲೆ ಯಾರೂ ದೂರು ಕೊಟ್ಟಿಲ್ಲ.

ಬಿಳಿಯ ಮೈ, ಕಣ್ಣಿಲ್ಲದ ತಲೆ, ದಾರದಂತಹ ದೇಹ, ಇವು ಯಾವ ಒಂದು ಕುಟುಂಬದ ಸೊತ್ತೂ ಅಲ್ಲ. ಕತ್ತಲೆಯ ಬಿರುಕುಗಳಲ್ಲಿ ಬಾಳುವ ಪ್ರಾಣಿಗೆ ಕಣ್ಣಿನಿಂದಲೂ ಬಣ್ಣದಿಂದಲೂ ಪ್ರಯೋಜನವಿಲ್ಲ. ಮೈ ತೆಳುವಾಗಿ ಕಾಲುಗಳು ಹೆಚ್ಚಾದರೆ ಲಾಭವುಂಟು. ಆದುದರಿಂದ ಪರಸ್ಪರ ದೂರದ ನೆಂಟಸ್ತಿಕೆಯುಳ್ಳ ಸಹಸ್ರಪದಿಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಖಂಡಗಳಲ್ಲಿ ಒಂದೇ ರೂಪವನ್ನು ತಾಳಿವೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ೧೯೨೬ರಲ್ಲಿ ದೊರೆತು ೧೯೨೮ರಲ್ಲಿ ಹೆಸರು ಪಡೆದ ಇಲ್ಯಾಕ್ಮಿ ಪ್ಲೆನಿಪಿಸ್ ಇಂತಹದೊಂದು. ಅದರ ಕಾಲುಗಳು ೭೫೦ರವರೆಗೆ. ಆಮೇಲೆ ಎಷ್ಟೋ ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ೨೦೦೫ರಲ್ಲಿ ಪಾಲ್ ಮಾರೆಕ್ ಎಂಬ ವಿಜ್ಞಾನಿಯು ಅದೇ ಪ್ರದೇಶದಲ್ಲಿ ಅದನ್ನು ಮತ್ತೆ ಕಂಡುಹಿಡಿದನು.

ಪಶ್ಚಿಮ ಆಸ್ಟ್ರೇಲಿಯದ ಚಿನ್ನದ ಗಣಿಗಳ ಸೀಮೆಯಲ್ಲಿ ಖನಿಜಗಳನ್ನು ಹುಡುಕಲು ನೆಲವನ್ನು ಆಳವಾಗಿ ಕೊರೆಯುತ್ತಾರೆ. ಅಂತಹ ರಂಧ್ರಗಳಲ್ಲಿ ತರಗೆಲೆ ತುಂಬಿದ ಬೋನುಗಳನ್ನು ಇಳಿಬಿಟ್ಟಾಗ, ೬೦ ಮೀಟರಿನಷ್ಟು ಆಳದಿಂದ ದಾರದಂತಹ ಒಂದು ಸಹಸ್ರಪದಿಯು ಮೇಲೆ ಬಂದಿತು. ಅದಕ್ಕೂ ಕಣ್ಣಿಲ್ಲ, ಬಣ್ಣವಿಲ್ಲ; ಒಂದು ಮಿಲಿಮೀಟರಿಗೂ ಕಡಿಮೆ ದಪ್ಪದ ಮೈ. ನೋಟಕ್ಕೆ ಕ್ಯಾಲಿಫೋರ್ನಿಯದ ಹುಳುವಿನ ಒಡಹುಟ್ಟು. ಆದರೆ ಅದರ ಅಂಗಾಂಗಗಳನ್ನೂ ಡಿ.ಎನ್.ಎ.ಯನ್ನೂ ಪರೀಕ್ಷಿಸಿದಾಗ ಅದು ಬೇರೆಯೇ ಗಣಕ್ಕೆ ಸೇರಿದ್ದೆಂದೂ, ಅದರ ಹತ್ತಿರದ ನೆಂಟರೆಲ್ಲ ಗಿಡ್ಡ ಮೈಯ, ಕಡಿಮೆ ಕಾಲಿನ ಪ್ರಾಣಿಗಳೆಂದೂ ತಿಳಿದುಬಂದಿತು. ಮಾರೆಕ್ ಮತ್ತು ಸಂಗಡಿಗರು ೨೦೨೧ರಲ್ಲಿ ಅದಕ್ಕೆ ಯೂಮಿಲಿಪಿಸ್ ಪರ್ಸೆಫನಿ ಎಂದು ಹೆಸರಿಟ್ಟರು. ಯೂಮಿಲಿಪಿಸ್ ಎಂದರೆ ನಿಜವಾದ ಸಹಸ್ರಪದಿ. ಪರ್ಸೆಫನಿ ಗ್ರೀಕರ ಪುರಾಣದಲ್ಲಿ ಪಾತಾಳದ ರಾಣಿ. ಹೆಸರಿನಲ್ಲಿರುವಷ್ಟು ಕಾಲುಗಳನ್ನು ಅಲ್ಲಿಯವರೆಗೆ ಯಾವ ಸಹಸ್ರಪದಿಯಲ್ಲಿಯೂ ಯಾರೂ ಎಣಿಸಿರಲಿಲ್ಲ. ಈ ಹುಳುಗಳಲ್ಲಿ ಒಂದು ಹೆಣ್ಣಿಗೆ ೩೩೦ ಉಂಗುರಗಳೂ ೧,೩೦೬ ಕಾಲುಗಳೂ ಇದ್ದುವು. ಗಂಡುಗಳೆರಡರಲ್ಲಿ ಒಂದಕ್ಕೆ ೮೧೮, ಇನ್ನೊಂದಕ್ಕೆ ೭೭೮. ಇನ್ನೊಂದು ಹೆಣ್ಣಿನ ಕಾಲುಗಳನ್ನು ಎಣಿಸಿದಾಗ ೯೯೮ಕ್ಕೆ ಲೆಕ್ಕವು ಮುಗಿಯಿತು.